ಹಳೆಯ ಪಾಸ್‌ವರ್ಡ್

ಸರಿಯಾಗಿ ಹನ್ನೊಂದು ಗಂಟೆಗೆ ಯಶೋಧರಾಳ ಲ್ಯಾಪ್‌ಟಾಪ್‌ಗೆ ನೆಟ್ ಸಿಗಲಿಲ್ಲ. ಮೊಬೈಲ್ ನೆಟ್ ಹಾಕಿದರೆ ಚಿತ್ರ ನಿಂತು ನಿಂತು ಬಂತು. ಆನ್‌ಲೈನಿನಲ್ಲಿ ಅವಳ ಡೆಮೋ ಪಾಠ ನೋಡಲು ಕೂತಿದ್ದ ಮೈಸೂರಿನ ಕಾಲೇಜಿನವರು ಹತ್ತು ನಿಮಿಷ ಕಾದು ಕರೆ ಮುಗಿಸಿಬಿಟ್ಟರು. ಡೆಮೋ ಪಾಠವಿಲ್ಲದೆ ಲೆಕ್ಚರರ್ ಕೆಲಸವೆಲ್ಲಿಯದು?

ಅವಳು ಪಾಠ ಹೇಳುತ್ತಿದ್ದ ವಿಶ್ವೇಶ್ವರಪುರಂನ ಆ ಟ್ಯೂಷನ್ ಮನೆಯಲ್ಲಿ ಉಳಿದವರಿಗೆಲ್ಲ ವೈಫೈ ಚೆನ್ನಾಗಿಯೇ ಬರುತ್ತಿತ್ತು.

"ನಿನ್ನೆ ಸಂಜೆ ರೌಟರ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದು ಆ ಕಂಪ್ಯೂಟರ್ ರಿಪೇರಿ ಶ್ರೀಧರ್. ಸೆಟ್ಟಿಂಗ್ಸ್ ಹಾಳು ಮಾಡಿದಾನೆ. ಇನ್ಮೇಲೆ ಇಲ್ಲಿ ಕಾಲಿಡೋದು ಬೇಡ," ಎಂದರು ಮಾಲೀಕ ರಾಮಸ್ವಾಮಿ ಮೇಷ್ಟ್ರು. ಗಣಿತದಲ್ಲಿ ಮೂವತ್ತು ವರ್ಷದ ಹೆಸರು ಅವರದು.

ಕಚೇರಿ ನೋಡಿಕೊಳ್ಳುವ ಗುರುಬಸಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಹೆಂಗಸು. ಲೈನ್ ತಾನಾಗಿ ಸತ್ತಿತೋ, ಯಾರಾದರೂ ಕತ್ತರಿಸಿದರೋ ಎಂದು ಕೆದಕುವ ಚಾಳಿ. ನಿಜ ಹೇಳಬೇಕೆಂದರೆ ಯಶೋಧರಾಳನ್ನು ಕಂಡರೆ ಆಕೆಗೆ ಹೊಟ್ಟೆಯುರಿ. ಮಕ್ಕಳು ಆಕೆಯ ಮೇಜು ದಾಟಿಕೊಂಡೇ ಹೋಗಿ ಯಶೋಧರಾಳಿಗೆ ಮಲ್ಲಿಗೆ ಕೊಡುತ್ತಿದ್ದರು. ಹಾಗಾಗಿ ಮೊದಲು ಒಂದಿಷ್ಟು ಖುಷಿಯೇ ಆಯಿತು. ಹುಡುಗಿಯ ಕಣ್ಣೀರು ಕಂಡಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

*

ಶ್ರೀಧರ್ ಓಡಿ ಬಂದ.

"ಮೊದ್ಲು ಹಳೇ ಸೆಟ್ಟಿಂಗ್ಸೆಲ್ಲ ಬ್ಯಾಕಪ್ ತಗೊಂಡೆ ಅಮ್ಮ. ಅಪ್‌ಡೇಟ್ ಆದ್ಮೇಲೆ ರೌಟರ್ ಸೆಟ್ಟಿಂಗ್ಸ್ ತೆಗೆಯೋಕೆ ಹೊಸ ಪಾಸ್‌ವರ್ಡ್ ಇಟ್ಟೆ. ಕೊನೇಲಿ ಬ್ಯಾಕಪ್ ವಾಪಸ್ ಹಾಕ್ದೆ. ಮೇಡಂ ಲ್ಯಾಪ್‌ಟಾಪಲ್ಲೂ ನೋಡ್ದೆ, ಓಡ್ತಿತ್ತು."

"ಹೊಸ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನನಗೊಬ್ಬನಿಗೇ."

"ಹಾಗಾದ್ರೆ ಮಾಡಿದೋನೂ ನೀನೇ!" ಮೇಷ್ಟ್ರು ಮೇಜು ಗುದ್ದಿದರು.

ಶ್ರೀಧರ್ ತನ್ನ ಹೊಸ ಪಾಸ್‌ವರ್ಡ್ ಒತ್ತಿದ. ತಪ್ಪು. ಮತ್ತೆ ಒತ್ತಿದ. ಮತ್ತೂ ತಪ್ಪು.

"ಬ್ಯಾಕಪ್ ತಗೊಳ್ಳೋಕೆ ಒಳಗೆ ಹೇಗೆ ಹೋದೆ?" ಗುರುಬಸಮ್ಮ ಕೇಳಿದಳು.

"ಹಳೇ ಪಾಸ್‌ವರ್ಡಲ್ಲಿ. ಸಾರೇ ಒತ್ತಿದ್ರು, ಅದನ್ನ ಅವರು ಯಾರಿಗೂ ಹೇಳಲ್ಲ."

"ಬ್ಯಾಕಪ್ ಜೊತೆ ಆ ಹಳೇದೂ ವಾಪಸ್ ಬರಲ್ವೇನೋ?"

ಶ್ರೀಧರ್ ಹಣೆ ಚಚ್ಚಿಕೊಂಡ. "ಅಯ್ಯೋ, ಹೌದು!"

"ಸಾರ್, ಹಳೇದು ಹಾಕಿ," ಎಂದಳು ಗುರುಬಸಮ್ಮ.

"ಮರ್ತೋಗಿದೆ."

"ನಿನ್ನೆ ಸಂಜೆ ನೆನಪಿತ್ತಲ್ಲ?"

ಬೇರೆ ದಾರಿಯಿಲ್ಲದೆ ಮೇಷ್ಟ್ರು ಒತ್ತಿದರು. ರೌಟರ್ ತೆರೆಯಿತು. ತಡೆಹಿಡಿದ ಸಾಧನಗಳ ಪಟ್ಟಿಯಲ್ಲಿ ಒಂದೇ ಹೆಸರು: ಯಶೋಧರಾಳ ಲ್ಯಾಪ್‌ಟಾಪ್. ಸಮಯ, ಅಂದು ಬೆಳಿಗ್ಗೆ ಹತ್ತು ಐವತ್ತು.

*

"ಅಪ್‌ಡೇಟ್ ಕೆಡ್ಸಿದ್ರೆ ಎಲ್ರದ್ದೂ ಕೆಡ್ಬೇಕಿತ್ತು. ಕೆಟ್ಟಿದ್ದು ಒಬ್ಬಳದೇ," ಎಂದಳು ಗುರುಬಸಮ್ಮ. "ಶ್ರೀಧರನ ಪಾಸ್‌ವರ್ಡ್ ನಿನ್ನೇನೇ ಅಳಿಸಿಹೋಗಿತ್ತು. ಇವತ್ತು ಒಳಗೆ ಹೋಗೋಕೆ ಆಗ್ತಿದ್ದದ್ದು ಹಳೇದು ಗೊತ್ತಿದ್ದ ನಿಮಗೊಬ್ಬರಿಗೇ."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. "ಮೂವತ್ತು ವರ್ಷದಲ್ಲಿ ಆ ಕಾಲೇಜು ನನ್ನ ಒಂದ್ಸಲಾನೂ ಕರೀಲಿಲ್ಲ. ನನ್ನ ಹತ್ರ ಕಲಿತೋಳನ್ನ ಕರೀತು. ತಡ್ಕೊಳ್ಳೋಕಾಗ್ಲಿಲ್ಲಮ್ಮ."

ಯಶೋಧರಾ ತನ್ನ ಟಿಪ್ಪಣಿ ಪುಸ್ತಕವನ್ನು ಅವರ ಮುಂದಿಟ್ಟಳು. "ಇವತ್ತು ಡೆಮೋದಲ್ಲಿ ಹೇಳಬೇಕು ಅಂತಿದ್ದ ಮೊದಲ ಮಾತು ಇದು. ಓದಿ ಸಾರ್."

'ಈ ಪಾಠವನ್ನು ಹೀಗೆ ಮಾಡಬೇಕೆಂದು ನನಗೆ ಕಲಿಸಿದವರು ರಾಮಸ್ವಾಮಿ ಮೇಷ್ಟ್ರು.'

ಗುರುಬಸಮ್ಮ ಫೋನನ್ನು ಅವರತ್ತ ತಳ್ಳಿದಳು. "ಕಾಲೇಜಿಗೆ ನೀವೇ ಮಾಡಿ. ನಡೆದದ್ದು ನೀವೇ ಹೇಳಿ. ಅವಳಿಗೆ ಇನ್ನೊಂದು ಅವಕಾಶ ಕೇಳಿ."

ಮೇಷ್ಟ್ರು ಪುಸ್ತಕ ಮುಚ್ಚಿ ಫೋನ್ ಎತ್ತಿಕೊಂಡರು. ನಂಬರ್ ಒತ್ತಿದರು.