ದಕ್ಷಿಣದ ಮುಖಮಂಟಪ

ಗೋಡೆಯಲ್ಲಿ ಓರೆಯಾಗಿ ಕೊರೆದಿದ್ದ ಕಿಂಡಿಯೊಳಗೆ ಟಾರ್ಚ್ ಬೆಳಕು ಬಿಟ್ಟೆ. ಆ ತುದಿಯಲ್ಲಿ ಒಂದು ಕಣ್ಣು ಮಿಟುಕಿತು.

“ಶಿವನೇ,” ಎಂದೆ.

“ಶಿವ ಅಲ್ರೀ, ಕರುಣಾ. ಟಾರ್ಚ್ ಬಾಜೂಕ ಹಿಡೀರಿ.”

ಪ್ರಿನ್ಸ್‌ಟನ್ ಜಂಕ್ಷನ್ ಹತ್ತಿರದ ಚರ್ಚಿನಲ್ಲಿ ನಮ್ಮ ಧಾರವಾಡದ ಮಾತು. ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಂತೆಯೇ ಇಲ್ಲಿ ಅಮೆರಿಕದಲ್ಲಿ ಕಟ್ಟಿಸಿದ ಹಳೆಯ ಕಟ್ಟಡ ಅದು. ಕರುಣಾ ಅದರ ಮರದ ಕೆತ್ತನೆಗಳನ್ನು ದುರಸ್ತಿ ಮಾಡುತ್ತಿದ್ದಳು. ನಾನು ಲೇಸರ್ ಸ್ಕ್ಯಾನರಿನಿಂದ ಗೋಡೆಗಳನ್ನು ಅಳೆಯಲು ಸಮರ್‌ಸೆಟ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ.

ಅವಳು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಬಾಗಿಲ ಬಳಿ ದೀಕ್ಷಾಸ್ನಾನದ ಕಲ್ಲುತೊಟ್ಟಿ. ನಡುವೆ ದ್ರಾಕ್ಷಿಬಳ್ಳಿ ಕೆತ್ತಿದ ಮರದ ಜಾಲರಿ. ಅದರಾಚೆ ಪೂಜಾಪೀಠ. ಪಕ್ಕದಲ್ಲಿ ನಿಂತವರಿಗೂ ಪೀಠ ಕಾಣಲೆಂದು ಆ ಓರೆಕಿಂಡಿ.

“ಪೀಠ ಕಾಣತದೇನು?” ಒಮ್ಮೆ ಕಿಂಡಿಯ ಈ ತುದಿಯಿಂದ ಕೇಳಿದೆ.

“ನೀವು ಅಡ್ಡ ಬಂದೀರಿ.”

“ಸರೀಲೇನು?”

“ಬ್ಯಾಡ.”

ಜಾಲರಿಗೆ ಕೊನೆಯ ಮೇಣ ಹಚ್ಚಿದ ದಿನ ಮದುವೆಯ ಮಾತೆತ್ತಿದೆ. ಅವಳ ಕೈ ನಿಂತಿತು.

“ನಾ ನನ್ನ ದೇವರ ಮುಂದನ ಮಾತು ಕೊಡಾಕಿ, ಪ್ರಸಾದ್.”

ಅಂಗಿಯೊಳಗಿನ ಇಷ್ಟಲಿಂಗದ ಮೇಲೆ ನನ್ನ ಕೈ ಹೋಯಿತು. “ಇದನ್ನ ಕಟಗೊಂಡು ಆ ಪೀಠದ ಮುಂದ ಮಂಡಿ ಊರಿದರ ಸುಳ್ಳಾಗ್ತದ.”

“ಊರಬ್ಯಾಡ. ಸುಳ್ಳು ಹೇಳೋ ಗಂಡ ನನಗೂ ಬ್ಯಾಡ.”

ಮೊದಲ ಸಲ ಏಕವಚನದಲ್ಲಿ ಮಾತಾಡಿದ್ದಳು. ಅದೂ ಬೀಳ್ಕೊಡುವ ಹಾಗೆ.

ಚಳಿ ಬಿದ್ದ ಮೇಲೆ ಅಲ್ಲೇ ಉಳಿದಿದ್ದ ಸ್ಕ್ಯಾನರ್ ತರಲು ಹೋದೆ. ದಕ್ಷಿಣದ ಬಾಗಿಲಿಗೆ ಸೇರಿಸಿ ಕಟ್ಟಿದ ಕಲ್ಲಿನ ಮುಖಮಂಟಪದಲ್ಲಿ ಅವಳು ನಿಂತಿದ್ದಳು.

“ಒಳಗ ಬರಬ್ಯಾಡ,” ಎಂದಳು.

ನಾನು ನಿಂತೆ.

“ಆ ಕಾಲದಾಗ ಇಂಗ್ಲೆಂಡಿನ ಹಳ್ಳ್ಯಾಗ ಮದುವಿ ಒಳಗ ಆಗತಿರಲಿಲ್ಲ. ಹುಡುಗಾ ಹುಡುಗಿ ಇಲ್ಲೇ, ಬಾಗಿಲದಾಗ ನಿಂತು ಮಾತು ಕೊಡತಿದ್ರು. ಪಾದ್ರಿನ ಹೊರಗ ಬರತಿದ್ರು.”

“ಆ ಕಾಲದಾಗ.”

“ನಮ್ಮ ಪಾದ್ರಿಗಳನ್ನ ಕೇಳೀನಿ. ಬರತಾರಂತ.” ಅವಳ ದನಿ ಸಣ್ಣಗಾಯಿತು. “ಬಾಗಿಲ ತೆರದಿರತದ. ನನ್ನ ದೇವರು ಅಲ್ಲಿಂದ ನೋಡತಾನ. ನಿನ್ನಾಂವ ನಿನ್ನ ಎದೀ ಮ್ಯಾಲ ಇರತಾನ. ಈಗ ಹೇಳು, ಸುಳ್ಳಾಗತದೇನು?”

ಇಲ್ಲವೆಂದು ತಲೆಯಾಡಿಸಿ ಅವಳ ಕೈ ಹಿಡಿದೆ.

ಮಂಟಪದ ಎರಡೂ ಬದಿಗೆ ಎದುರುಬದುರಾಗಿ ಕಲ್ಲಿನ ಜಗಲಿಗಳಿದ್ದವು. ಅವಳು ಒಂದರ ಮೇಲಿನ ಮೇಪಲ್ ಎಲೆಗಳನ್ನು ಸ್ಕಾರ್ಫಿನಿಂದ ಸರಿಸಿದಳು.

“ಇಲ್ಲಿ ನಿಮ್ಮವ್ವ ಕೂಡತಾರ. ಆ ಕಡೆ ನಮ್ಮ ಪಪ್ಪ. ಇಬ್ಬರಿಗೂ ಮಾರಿ ತಿರುವಾಕ ಜಾಗಾ ಇಲ್ಲ.”