ಮೊದಲ ರಟ್ಟಿನ ಅಳತೆ

"ಬ್ಯಾಡ! ಮುಟ್ಟಬ್ಯಾಡ್ರಿ!"

ಕೂಗು ಕೇಳಿಸುವಷ್ಟರಲ್ಲೇ ಉಜ್ವಲಾಳ ಮಣಿಕಟ್ಟು ಆ ಅಪರಿಚಿತನ ಕೈಯಲ್ಲಿತ್ತು!

ನಿಪ್ಪಾಣಿಯ ಸಂತೆ ದಿನ. ಹೊಲಿಗೆ ಸಾಮಾನಿನ ಅಂಗಡಿಯ ತುಂಬ ಗಿರಾಕಿಗಳು. ಎಲ್ಲರೂ ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು.

"ಕೈ ಬಿಡ್ರಿ ಮೊದ್ಲ! ಏನ್ ಧೈರ್ಯಾರಿ ನಿಮ್ದು?"

"ಬಿಡ್ತೀನ್ರಿ ಅಕ್ಕಾರ. ಅದನ್ನ ಮೊದ್ಲ ಕೆಳಗ ಇಡ್ರಿ. ಬೆರಳ ಹೋಗ್ತಾವ!"

ಆಗ ಅವಳು ತನ್ನ ಇನ್ನೊಂದು ಕೈಯಲ್ಲಿದ್ದ ವಸ್ತುವನ್ನು ಸರಿಯಾಗಿ ನೋಡಿದಳು. ಹಳದಿ ಹಿಡಿಕೆ, ಅದರ ತುದಿಗೆ ದುಂಡನೆಯ ಬ್ಲೇಡು. ಯಾವುದೋ ಆಟಿಕೆಯ ಗಾಲಿ ಇರಬೇಕೆಂದುಕೊಂಡು ಹೆಬ್ಬೆರಳಿನಿಂದ ತಿರುಗಿಸಲು ಹೊರಟಿದ್ದಳು!

ಬೇರೆ ಯಾರಾದರೂ ಆಗಿದ್ದರೆ ನಾಚಿ ಹೊರಗೆ ಓಡುತ್ತಿದ್ದರು. ಆದರೆ ನಮ್ಮ ಉಜ್ವಲಾಗೆ ನಾಚಿಕೆಗಿಂತ ಕುತೂಹಲವೇ ಒಂದು ಕೈ ಮೇಲು.

"ಏನ್ರಿ ಇದು?"

"ಬಟ್ಟಿ ಕೊಯ್ಯೂದ್ರಿ. ರೋಟರಿ ಕಟರ್ ಅಂತಾರ."

"ಗಾಲಿ ಹೊಡದು ಬಟ್ಟಿ ಕೊಯ್ತಾರ? ಸುಳ್ಳ ಹೇಳಬ್ಯಾಡ್ರಿ!"

ಅಂಗಡಿಯವನು ನಕ್ಕ. ಹೆಸರು ಲಖನ. ಚೌಕುಳಿ ಗೆರೆಗಳಿದ್ದ ಹಸಿರು ಮ್ಯಾಟ್ ಹಾಸಿದ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಗಾಜಿನಂಥ ಅಗಲ ಸ್ಕೇಲು ಒತ್ತಿ ಹಿಡಿದು, ಆ ಗಾಲಿಯನ್ನು ಒಮ್ಮೆ ಎಳೆದ. ಸರ್ರ್... ನಾಲ್ಕೂ ಮಡಿಕೆಗಳು ಒಂದೇ ಸಲ ಬೇರೆಯಾದವು!

ಉಜ್ವಲಾ ಸಿಟ್ಟು ಮರೆತಳು. "ಇನ್ನೊಮ್ಮೆ ತೋರಸ್ರಿ!"

ಲಖನ ಆ ಕಟರನ್ನು ತನ್ನದೇ ಕುತೂಹಲಕ್ಕೆ ತರಿಸಿದ್ದ. ಗಿರಾಕಿಗಳೆಲ್ಲ ನೋಡಿ ಸುಮ್ಮನೆ ಹೋಗಿದ್ದರು. 'ಇನ್ನೊಮ್ಮೆ' ಎಂದವಳು ಇವಳೊಬ್ಬಳೇ. ಅವನು ಇನ್ನೊಮ್ಮೆ ತೋರಿಸಿದ. ಮತ್ತೂ ಒಮ್ಮೆ ತೋರಿಸಿದ. ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದರು.

ಉಜ್ವಲಾ ಬೇಡಕಿಹಾಳದವಳು. ಓಣಿಯ ತುಳಸವ್ವ, ಗೆಳತಿ ಸುಂದರಾ ಜೊತೆ ಕೂಡಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿದು ಮಾರುತ್ತಿದ್ದಳು. ಮುಂದಿನ ಸಂತೆಗೆ ಚಾಕ್‌ಪೀಸ್ ತರುವ ನೆಪದಲ್ಲಿ ಮತ್ತೆ ಆ ಅಂಗಡಿಗೇ ಹೋದಳು. ಈ ಸಲ ಕೇಳುವ ಸರದಿ ಲಖನನದು.

"ಕೌದಿಗೆ ನೀವು ಅಳತಿ ಹೆಂಗ ಹಿಡೀತೀರಿ?"

"ಗೇಣಿಲೆ. ಆಮ್ಯಾಲ ಕತ್ತರಿಲೆ ಅಂಚಿಗೆ ಚೂರ ಕೊಯ್ದು, ಹರದು ಬಿಡ್ತೀವಿ."

"ಹರೀತೀರಿ? ಸೊಟ್ಟ ಆಗಾಂಗಿಲ್ಲೇನು?"

ಉಜ್ವಲಾ ಮೇಜಿನ ಮೇಲಿದ್ದ ತುಂಡೊಂದನ್ನು ಎತ್ತಿಕೊಂಡು ಪರ್ರ್ ಎಂದು ಹರಿದಳು. ಲಖನ ಸ್ಕೇಲು ಇಟ್ಟು ನೋಡಿದ. ಕಣ್ಣು ದೊಡ್ಡವಾದವು.

"ಸೀದಾ ಐತಲ್ರಿ!"

"ಬಟ್ಟಿ ಎಳಿ ತಾನ ಹಾದಿ ತೋರಸ್ತೈತಿ."

"ಇನ್ನೊಮ್ಮೆ ತೋರಸ್ರಿ!" ಎಂದ ಅವನು. ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟರು.

ಆಮೇಲೆ ಪ್ರತಿ ಸಂತೆಗೂ ಅವಳಿಗೆ ಏನಾದರೊಂದು ಬೇಕಾಗುತ್ತಿತ್ತು. ತೊಳೆದರೆ ಹೋಗುವ ಪೆನ್ನು ಹೇಗಿರುತ್ತದೆ? ಬಟ್ಟೆಯ ಟೇಪು ಹಳೆಯದಾದರೆ ಹಿಗ್ಗುತ್ತದಂತೆ, ನಿಜವೇ? ಅವನು ಕೆಲಸ ಬಿಟ್ಟು ತೋರಿಸುತ್ತಿದ್ದ. ಒಂದು ವಿಷಯ ಮಾತ್ರ ಅವಳು ಗಮನಿಸಿಯೂ ಕೇಳಲಿಲ್ಲ. ಬಂದ ಹೆಂಗಸರನ್ನೆಲ್ಲ 'ಅಕ್ಕಾರ' ಎನ್ನುವ ಲಖನ, ಆ ಮೊದಲ ದಿನ ಬಿಟ್ಟರೆ ಅವಳನ್ನು ಹಾಗೆ ಕರೆದೇ ಇರಲಿಲ್ಲ. ಯಾಕಿರಬಹುದು?

ಅಷ್ಟರಲ್ಲಿ ಚಿಕ್ಕೋಡಿಯ ಟೀಚರೊಬ್ಬರು ಮಗಳ ಮದುವೆಗೆ ಕೌದಿ ಕೇಳಿದರು. ಚಿಕ್ಕ ಚಿಕ್ಕ ಚೌಕಗಳು, ಮೂಲೆಗೆ ಮೂಲೆ ಕೂಡಲೇಬೇಕು. ಅಂಥ ಕೆಲಸ ಅವಳಿಗೆ ಹೊಸದು. ಲಖನ ಗಟ್ಟಿ ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ಕೊಟ್ಟ.

"ಇದನ್ನ ಇಟ್ಟು ಸುತ್ತ ಗೆರಿ ಹೊಡೀರಿ. ಅಳತಿ ತಪ್ಪಾಂಗಿಲ್ಲ."

ಮುಂದಿನ ಸಂತೆಗೆ ಹೋದರೆ ಅಂಗಡಿಗೆ ಬೀಗ!

"ಗೊತ್ತಿಲ್ಲೇನ ಬೇ ನಿನಗ?" ಊರಿಗೆ ಬಂದಾಗ ಸುಂದರಾ ಹೇಳಿದಳು. "ಲಖನಂದು ಕೊಕಟನೂರಾಗ ನಿಶ್ಚಯ ಆತಂತ! ಸೀರಿ ಸೈತ ತಗೊಂಡಾರಂತ!"

ಉಜ್ವಲಾ ಕೈಯಲ್ಲಿದ್ದ ಸಂತೆ ಚೀಲವನ್ನು ಅಲ್ಲೇ ಇಳಿಸಿದಳು.

'ಆದರೆ ಆಗಲಿ... ನನಗೇನು? ಅವನು ಯಾರು, ನಾನು ಯಾರು?' ಎಂದುಕೊಂಡಳು. ಮತ್ತೆ ಕಣ್ಣೇಕೆ ತುಂಬಿ ಬರಬೇಕು? ಕತ್ತರಿಸುವ ಕೆಲಸವನ್ನೆಲ್ಲ ತುಳಸವ್ವನಿಗೂ ಸುಂದರಾಗೂ ಬಿಟ್ಟು ಸುಮ್ಮನೆ ಕೂತುಬಿಟ್ಟಳು. ಕೂತಲ್ಲೂ ಒಂದೇ ಯೋಚನೆ. ಹುಡುಗಿ ಹೇಗಿದ್ದಾಳೋ? ಅವಳಿಗೂ ಆ ಗಾಲಿ ತೋರಿಸಿದ್ದಾನೋ?

ಕೊನೆಗೆ ತುಂಡುಗಳನ್ನೆಲ್ಲ ಅಂಗಳದಲ್ಲಿ ಹರಡಿದಾಗ ನೋಡುತ್ತಾಳೆ... ಮೂಲೆಗೆ ಮೂಲೆ ಕೂಡುತ್ತಲೇ ಇಲ್ಲ! ಒಂದು ಸಾಲು ಉದ್ದ, ಒಂದು ಗಿಡ್ಡ. ಟೀಚರು ಕೊಟ್ಟಿದ್ದ ಹೊಸ ಬಟ್ಟೆ, ಇನ್ನೊಮ್ಮೆ ಕತ್ತರಿಸಲು ಒಂದು ಚೂರೂ ಉಳಿದಿರಲಿಲ್ಲ.

'ರಟ್ಟಿನಲ್ಲೇ ಮೋಸ ಇದೆ. ಕೊಟ್ಟವನ ಹಾಗೆಯೇ!'

ಮಾರನೆಯ ಬೆಳಿಗ್ಗೆ ಗಂಟು ಹೊತ್ತು ನಿಪ್ಪಾಣಿಗೆ ಹೋದಳು. ಅಂಗಡಿ ತೆರೆದಿತ್ತು. ಅವಳನ್ನು ಕಂಡು ಲಖನನ ಮುಖ ಅರಳಿತು.

"ಬರ್ರಿ, ಬರ್ರಿ! ನಿಮ್ಮ ಹಾದಿನ ನೋಡಾಕತ್ತಿದ್ನಿ."

"ನಿಮ್ಮ ರಟ್ಟ ಸುಳ್ಳ ಐತಿ!" ಗಂಟನ್ನು ಮೇಜಿನ ಮೇಲೆ ಸುರಿದಳು. "ನನ್ನ ಕೆಲಸಾನ ಹಾಳ ಮಾಡಿದ್ರಿ. ಟೀಚರಿಗೆ ಏನ್ ಹೇಳ್ಲಿ ನಾ?"

ಅವನು ರಟ್ಟನ್ನು ಸ್ಕೇಲಿಗೆ ಹಿಡಿದ. ಸರಿಯಿತ್ತು. ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ. ಉಜ್ವಲಾಳ ಸಿಟ್ಟಿನ ನಡುವೆಯೂ ಕತ್ತು ತಾನಾಗಿಯೇ ಮುಂದೆ ಬಾಗಿತು. ಕೆಳಗಿನ ತುಂಡು ರಟ್ಟಿನಷ್ಟೇ ಇತ್ತು. ಅದರ ಮೇಲಿನದು ಸ್ವಲ್ಪ ದೊಡ್ಡದು. ಅದರ ಮೇಲಿನದು ಇನ್ನೂ ಸ್ವಲ್ಪ ದೊಡ್ಡದು...

"ಅಯ್ಯ! ಬೆಳಕೋಂತ ಹೋಗ್ಯಾವಲ್ರಿ!"

"ಇವನ್ನ ಯಾರ ಕತ್ತರಸಿದ್ರು?"

"ಸುಂದರಾ. ರಟ್ಟ ತುಳಸವ್ವನ ಕಡೆ ಇತ್ತ. ಅದಕ್ಕ ಈಕಿ ತುಳಸವ್ವ ಕತ್ತರಸಿದ್ದ ತುಂಡ ಇಟ್ಟು ಗೆರಿ ಹೊಡದ್ಳು. ಆಮ್ಯಾಲ ತಾ ಕತ್ತರಸಿದ್ದನ್ನ ಇಟ್ಟು, ಅದರ ಮುಂದಿಂದು..."

"ಅಲ್ಲೇ ಆತ ನೋಡ್ರಿ. ಪ್ರತಿ ಸಲ ಗೆರಿ ಹೊರಗ ಬೀಳ್ತೈತಿ. ಒಂದ ಗೆರಿ ಅಂದ್ರ ಏನೂ ಅಲ್ಲ, ಸೇರಕೋಂತ ಹೋದ್ರ ಇಷ್ಟ ಆಗ್ತೈತಿ. ಎಷ್ಟ ತುಂಡ ಇರ್ಲಿ, ಪ್ರತಿ ಸಲ ಮೊದಲಿನ ರಟ್ಟಿಗೇ ಬರಬೇಕ್ರಿ."

ಉಜ್ವಲಾ ತುಂಡುಗಳನ್ನೇ ನೋಡುತ್ತ ನಿಂತಳು. ಸುಂದರಾ... ಸುಂದರಾಗೆ ಆ ನಿಶ್ಚಯದ ಸುದ್ದಿ ಹೇಳಿದ್ದು ತುಳಸವ್ವ. ತುಳಸವ್ವನಿಗೆ ಹೇಳಿದ್ದು ನಿಪ್ಪಾಣಿಗೂ ಊರಿಗೂ ಟಂಟಂ ಆಟೋ ಓಡಿಸುವ ಮಲಕಾರಿ. ಅವನಿಗೆ?

ಕೇಳಲು ನಾಚಿಕೆಯಾಯಿತು. ಆದರೂ ಕೇಳಿಯೇಬಿಟ್ಟಳು.

"ನಿಮ್ದು... ಕೊಕಟನೂರಾಗ ನಿಶ್ಚಯ ಆಗೇತಂತಲ್ರಿ?"

"ನಂದಾ?" ಲಖನನ ಕೈಯಿಂದ ಸ್ಕೇಲು ಜಾರಿತು. "ಯಾರ ಹೇಳಿದ್ರು?"

"ಸುಂದರಾ. ಆಕಿಗೆ ತುಳಸವ್ವ, ತುಳಸವ್ವಗ ಮಲಕಾರಿ..."

"ಮಲಕಾರಿಗೆ ಹೇಳಿದಾಂವ ನಾನ! ಕಾಕಾನ ಮಗಗ ಹೆಣ್ಣ ನೋಡಾಕ ಕೊಕಟನೂರಿಗೆ ಹೊಂಟೀನಿ, ಉಜ್ವಲಾ ಬಂದ್ರ ಅಂಗಡಿ ಮುಚ್ಚೇತಿ ಅಂತ ಹೇಳು ಅಂದಿದ್ನಿ. ಅಷ್ಟ ನೋಡ್ರಿ!"

"ಸೀರಿ?"

"ಯಾವ ಸೀರಿ?!"

ಉಜ್ವಲಾ ನಕ್ಕಳು. ನಗುತ್ತ ನಗುತ್ತ ಅತ್ತುಬಿಟ್ಟಳು. ಲಖನ ಗಾಬರಿಯಾದ.

"ಅಳಬ್ಯಾಡ್ರಿ! ದೊಡ್ಡದಾಗಿದ್ದನ್ನ ಕತ್ತರಸಿ ಸರಿ ಮಾಡಬಹುದು. ಸಣ್ಣದಾಗಿದ್ರ ಫಜೀತಿ ಆಗ್ತಿತ್ತು."

ಹಸಿರು ಮ್ಯಾಟ್ ಹಾಸಿದ. ರಟ್ಟನ್ನು ಅವಳ ಮುಂದಿಟ್ಟು, ಹಳದಿ ಕಟರನ್ನು ಅವಳ ಕೈಗೇ ಕೊಟ್ಟ. ಅವನು ಸ್ಕೇಲು ಒತ್ತಿ ಹಿಡಿದ, ಅವಳು ಎಳೆದಳು. ಸರ್ರ್... ಹೆಚ್ಚಾಗಿದ್ದ ಅಂಚು ದಾರದಂತೆ ಕಳಚಿ ಬಿತ್ತು. ಮತ್ತೊಂದು. ಮಗದೊಂದು. ನಾಲ್ಕು ಚೌಕಗಳನ್ನು ಸೇರಿಸಿ ಇಟ್ಟಾಗ ಮೂಲೆಗೆ ಮೂಲೆ ಕೂಡಿತು!

"ಒಂದ ಮಾತ ಕೇಳ್ಲೇನು?" ಅವಳ ದನಿ ಬಹಳ ಮೆಲ್ಲಗಿತ್ತು. "ಎಲ್ಲಾರಿಗೂ ಅಕ್ಕಾರ ಅಂತೀರಿ. ನನಗ ಯಾಕ ಅನ್ನಾಂಗಿಲ್ಲ?"

ಲಖನನ ಕಿವಿ ಕೆಂಪಾದವು. ಸ್ಕೇಲನ್ನು ಮಾತ್ರ ಬಿಡಲಿಲ್ಲ.

"ಅನ್ನಾಕ ಮನಸ ಬರ್ಲಿಲ್ಲ... ಮೊದ್ಲ ದಿನ ನೀವು 'ಇನ್ನೊಮ್ಮೆ' ಅಂದಾಗಿಂದನ. ನನಗ ನೀವು ಬೇಕ್ರಿ, ಉಜ್ವಲಾ. ನೀವು ಬರದ ದಿನ ಅಂಗಡ್ಯಾಗ ನನಗ ಏನೂ ಸೇರಾಂಗಿಲ್ಲ."

ಅವಳಿಗೆ ತಲೆ ಎತ್ತಲಾಗಲಿಲ್ಲ. ಕತ್ತರಿಸಿದ ಚೌಕಗಳನ್ನು ಸುಮ್ಮನೆ ಮತ್ತೆ ಮತ್ತೆ ಜೋಡಿಸಿದಳು.

"ನನಗೂ ಅಷ್ಟ," ಎಂದಳು ಕೊನೆಗೆ.

ಲಖನ ಉಸಿರು ಬಿಟ್ಟ. "ಹಂಗಾದ್ರ ನಿಮ್ಮ ಅವ್ವಾರಿಗೆ ಹೇಳಿ ಕಳಸ್ಲೇನು? ಮಲಕಾರಿ ಈಗ ಬೇಡಕಿಹಾಳಕ್ಕ ಹೊಂಟಾನ."

"ಬ್ಯಾಡ್ರಿ ಮಾರಾಯ್ರ!" ಉಜ್ವಲಾ ಕೈ ಮುಗಿದಳು. "ನೀವ ಬಂದು ಹೇಳ್ರಿ. ಮಲಕಾರಿ ಕಡಿಂದ ಹೇಳಿ ಕಳಸಿದ್ರ, ನಮ್ಮ ಮನಿ ಮುಟ್ಟೂದ್ರಾಗ ನಮಗ ಎರಡ ಮಕ್ಕಳಾಗಿರ್ತಾವ!"

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಲಖನ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ.

"ಇನ್ನೊಮ್ಮೆ ಹೇಳ್ರಿ!"