ಒಂಬತ್ತನೇ ಹಾಡಿನ ಆಯುಷ್ಮತಿ

ಸಿ.ಡಿ. ಕವರಿನ ಹಿಂಬದಿಯನ್ನು ಕರುಣಾ ಮೂರು ಸಲ ಓದಿದಳು. ಹುಬ್ಬಳ್ಳಿ-ಧಾರವಾಡದ ಹತ್ತು ರಾಕ್ ಬ್ಯಾಂಡು, ಹತ್ತು ಹಾಡು. ಯಾವ ಸಭಾಂಗಣದವರೂ ಒಳಗೆ ಬಿಟ್ಟುಕೊಳ್ಳದ್ದಕ್ಕೆ ಗೋದಾಮು, ಟೆರೇಸು ಹುಡುಕಿಕೊಂಡು ಹಾಡುವ ಮಂದಿಯ ಮೊದಲ ಆಲ್ಬಮ್. ಬ್ಯಾಂಡಿನ ಪಕ್ಕ ಹಾಡಿದವರ ಬರೀ ಹೆಸರು. ಒಂಬತ್ತನೆಯ ಹಾಡಿನ ಮುಂದೆ ಮಾತ್ರ 'ಆಯುಷ್ಮತಿ ಕರುಣಾ'. ಅದರ ಕೆಳಗೆ 'ಸಂಕಲನ: ಆಯುಷ್ಮಾನ್ ರಾಜರತ್ನ'.

ಥೇಟು ಲಗ್ನಪತ್ರಿಕೆ.

"ಏನ್ರಿ ಇದು?"

ರಾಜರತ್ನ ಹೆಡ್‌ಫೋನನ್ನು ಕೊರಳಿಗೆ ಇಳಿಸಿದ. ಗೋಕುಲ ರಸ್ತೆಯ ಈ ತಗಡಿನ ಶೆಡ್ಡಿನಲ್ಲಿ, ಪಕ್ಕದ ಲೇತ್ ಮಷಿನ್ ನಿಂತ ಹೊತ್ತು ನೋಡಿ, ಹತ್ತೂ ಹಾಡು ಆರಿಸಿ ರೆಕಾರ್ಡ್ ಮಾಡಿದವನು ಅವನೇ. ಕವರ್ ನೋಡಿದ, ಅವಳನ್ನು ನೋಡಿದ, ಮತ್ತೆ ಕವರ್ ನೋಡಿದ. ಕಿವಿಯ ತುದಿ ಕೆಂಪಾಯಿತು.

"ಪ್ರೆಸ್‌ನವ್ರ ತಪ್ಪರಿ. ನೀಲಕಂಠಪ್ಪ ಕಾಕಾ ಲಗ್ನಪತ್ರಿಕಿ ಅಚ್ಚ ಹಾಕಾವ್ರು. ಕೈ ರೂಢಿ."

"ಹೌದ? ಉಳದ ಒಂಬತ್ತ ಮಂದಿಗೆ ಆ ಕೈ ಹೋಗಲಿಲ್ಲೇನು?"

ಅವನು ವಯರ್ ಸುತ್ತತೊಡಗಿದ. ಕರುಣಾ ಸೀದಾ ನಾಲ್ಕು ಅಂಗಡಿ ಆಚೆಗಿನ ಪ್ರೆಸ್ಸಿಗೆ ನಡೆದಳು.

ತಪ್ಪು ನಿಮ್ಮದಂತೆ ಎಂದದ್ದೇ ನೀಲಕಂಠಪ್ಪ ಕೆರಳಿದ. "ನಲವತ್ತ ವರ್ಷದಿಂದ ನಾ ಹಚ್ಚಿದ್ದು ಚಿರಂಜೀವಿ, ಸೌಭಾಗ್ಯವತಿ. ಈ ಆಯುಷ್ಮತಿ ಯಾರೋ ತಮ್ಮಾ ಅಂತ ನಾನ ಕೇಳಿದೆ. 'ಬರದದ್ದನ್ನ ಹೊಡೀರಿ ಕಾಕಾ' ಅಂದ ನೋಡವಾ!"

ಆಯುಷ್ಮಾನ್, ಆಯುಷ್ಮತಿ ಎಂಬುದು ಅವಳಂಥ ಬೌದ್ಧರ ಮನೆಯ ಲಗ್ನಪತ್ರಿಕೆಯಲ್ಲಿ ವರ, ವಧುವಿನ ಹೆಸರಿನ ಮುಂದೆ ಬರುವ ಮಾತು. ರಾಜರತ್ನನೂ ಅಂಥದೇ ಮನೆಯವನು. ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಸಿಟ್ಟಿಗಿಂತ ಕೆಟ್ಟ ಸಂಶಯ ಬಂತು. ಆರು ವರ್ಷ ಗಂಟಲು ಹರಿದುಕೊಂಡು ಹಾಡಿದ್ದಳು. ಪಟ್ಟಿಯಲ್ಲಿ ಹೆಸರು ಬಂದ ದಿನ ಅವ್ವನನ್ನು ತಬ್ಬಿ ಅತ್ತಿದ್ದಳು. ಆ ಜಾಗ ಹಾಡಿಗೆ ಸಿಕ್ಕಿತ್ತೋ, ಮುಖಕ್ಕೋ?

ಶೆಡ್ಡಿಗೆ ಮರಳುವಷ್ಟರಲ್ಲಿ ಅವಳ ಮಾತಿನಿಂದ 'ರಿ' ಉದುರಿಹೋಗಿತ್ತು.

"ಸುಳ್ಳ ಹೇಳ್ದಿ. ಬರದಾಂವ ನೀನ."

"ಹೂಂ. ನಾನ."

"ಹಂಗಾರ ಖರೇ ಹೇಳು. ಹಾಡ ಛಲೋ ಇತ್ತಂತ ತೊಗೊಂಡ್ಯೋ, ನಾ ಬೇಕಂತ ತೊಗೊಂಡ್ಯೋ? ಎರಡನೇದಿದ್ರ ನನ್ನ ಹಾಡ ತಗದಬಿಡು. ಈಗಿಂದೀಗ."

ಅವನಿಗೂ ಸಿಟ್ಟು ಬಂತು. ಅದನ್ನು ಅವಳು ನೋಡಿದ್ದು ಇದೇ ಮೊದಲು. ಅವನಿಗೆ ಒಪ್ಪುತ್ತಿತ್ತು, ಹಾಳಾದ್ದು.

"ನಿಮ್ಮ ಮೊದಲಿನ ಎರಡ ಹಾಡ ತಿರುಗಿಸಿ ಕಳಸಿದಾಂವ ಯಾರ್ರಿ? ಕಿವುಡ ಅಂತ ಬೈದ್ರಿ ನನಗ. ಅವತ್ತೂ ನೀವು ನನಗ ಬೇಕಾಗಿದ್ರಿ! ಈ ಪಟ್ಟಿಯಾಗ ನನ್ನ ಬ್ಯಾಂಡ್ ಹುಡುಕ್ರಿ ನೋಡೋಣು. ನೀವು ಕಳಸಿದ ಮೂರನೇ ಹಾಡ ಕೇಳಿ, ಅದಕ್ಕ ಜಾಗಾ ಮಾಡಾಕ ನಮ್ಮದನ್ನ ಕಿತ್ತ ಒಗದೆ."

ಅವಳ ಬೆರಳು ಹತ್ತೂ ಹೆಸರಿನ ಮೇಲೆ ಇಳಿಯಿತು. ಅವನ ಬ್ಯಾಂಡ್ ಇರಲಿಲ್ಲ. ಬೆರಳು ಅಲ್ಲೇ ನಿಂತಿತು.

"ಮತ್ತ ಇದನ್ಯಾಕ ಬರದ್ರಿ?" ದನಿ ಇಳಿದಿತ್ತು.

"ಬಾಯಿಲೆ ಹೇಳಾಕ ಧೈರ್ಯ ಸಾಲಲಿಲ್ಲರಿ."

"ಊರಿಗೆಲ್ಲಾ ಅಚ್ಚ ಹಾಕಿ ಹಂಚಾಕ ಸಾಲ್ತು?"

ಅವನು ನಕ್ಕ. ಅವಳು ತುಟಿ ಕಚ್ಚಿ ನಗು ತಡೆದಳು.

"ಆ ಆಯುಷ್ಮಾನ್, ಆಯುಷ್ಮತಿ ಎರಡೂ ತಗಸ್ರಿ. ಅಲ್ಲಿ ನಾ ಹಾಡಾಕಿ ಅಷ್ಟ."

ಅವನ ಮುಖ ಬಾಡಿತು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಐತವಾರ ಸತ್ತೂರಿಗೆ ಬರ್ರಿ, ನಮ್ಮನಿಗೆ. ಗಿಟಾರ ತರಬ್ಯಾಡ್ರಿ. ನಮ್ಮವ್ವ ಮೊದಲ ಮನುಷ್ಯಾನ್ನ ನೋಡ್ಲಿ."